ಅಂಗಿಯ ಜೇಬಿನಲ್ಲಿ ಫ್ಯೂಸು

ಅವರ ಅಂಗಿಯ ಎಡಜೇಬು ಯಾವಾಗಲೂ ಕೆಳಕ್ಕೆ ಜೋತುಬಿದ್ದಿರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕೈವರೆಗೆ ಮಡಚಿದ ತೋಳು, ನೀರು ಹಚ್ಚಿ ಬಾಚಿದ ತಲೆ, ಎಲ್ಲ ನೆಟ್ಟಗೆ. ಜೇಬೊಂದು ಮಾತ್ರ ಹಾಲು ಕುಡಿದ ಬೆಕ್ಕಿನ ಹೊಟ್ಟೆಯ ಹಾಗೆ. ಅದರೊಳಗೆ ಪೆನ್ನಾಗಲಿ ಕನ್ನಡಕವಾಗಲಿ ಇರುತ್ತಿರಲಿಲ್ಲ. ಪಿಂಗಾಣಿಯ ಫ್ಯೂಸು ಇರುತ್ತಿತ್ತು. ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿ ಹಿಡಿದೆಳೆದರೆ ಕೈಗೆ ಬರುತ್ತದಲ್ಲ, ಬಿಳಿಯ ಹಿಡಿ, ಹಿತ್ತಾಳೆಯ ಹಲ್ಲು, ನಡುವೆ ತೆಳ್ಳನೆಯ ತಂತಿ, ಅದು. ಮನೆಯಲ್ಲಿ ಏನಾದರೊಂದು ಬಿಚ್ಚಿ ಕಟ್ಟುವ ಕೆಲಸವಿಲ್ಲದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಬಿಚ್ಚುವ ಮೊದಲು ಫ್ಯೂಸು ಕಿತ್ತು ಜೇಬಿಗಿಳಿಸುವರು. ಕೆಲಸ ಮುಗಿದು ಅದು ಬೋರ್ಡಿಗೆ ವಾಪಸಾದ ಮೇಲೂ ಜೇಬು ಮಾತ್ರ ತೂಕವನ್ನು ನೆನಪಿಟ್ಟುಕೊಂಡಂತೆ ಹಾಗೇ ಇಳಿಬಿದ್ದಿರುತ್ತಿತ್ತು.

ನಾವು ಅವರನ್ನು ಮಾವ ಎಂದೇ ಕರೆಯುತ್ತಿದ್ದೆವು. ಸಂಬಂಧವೇನೂ ಇಲ್ಲ. ಸಾಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಯಜಮಾನರು ಅವರು. ಕೆಳಗೆ ಅವರೂ ಅತ್ತೆಯೂ, ಮೇಲೆ ನಾವಿಬ್ಬರು. ನಾನು ತೀರ್ಥಹಳ್ಳಿಯವಳು, ಇಲ್ಲಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ನಮ್ಮವರು ಹೊಸನಗರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಓಡಾಟ. ನಮ್ಮವರನ್ನು ಮಾವ ಕರೆಯುತ್ತಿದ್ದುದು "ಮ್ಯಾನೇಜರ್ರೇ" ಎಂದು. "ನಾನು ಮ್ಯಾನೇಜರ್ ಅಲ್ಲ ಮಾವ" ಎಂದರೆ, "ಆಗೋವರೆಗೆ ನಾನಿರ್ತೀನೋ ಇಲ್ವೋ, ಈಗ್ಲೇ ಕರ್ದುಬಿಡ್ತೀನಿ" ಎನ್ನುವರು.

ಕೆಲಸದಲ್ಲಿದ್ದಷ್ಟು ಕಾಲ ಮಾವ ಕಾರ್ಗಲ್ಲಿನಲ್ಲಿದ್ದರು. ವಿದ್ಯುತ್ ತಯಾರಾಗುವ ಕಡೆ ಯಂತ್ರ ನೋಡಿಕೊಳ್ಳುವ ಕೆಲಸ. ಅಲ್ಲಿಂದ ನಿವೃತ್ತರಾಗಿ ಬರುವಾಗ ಒಂದು ಪದ್ಧತಿಯನ್ನೂ ಗಂಟುಕಟ್ಟಿಕೊಂಡು ಬಂದಿದ್ದರು. ಅಲ್ಲಿ ಯಾರಾದರೂ ಲೈನು ಮುಟ್ಟಬೇಕಾದರೆ ಮೊದಲು ಅದನ್ನು ಬಂದ್ ಮಾಡಿಸಿ 'ಲೈನ್ ಕ್ಲಿಯರ್' ಪಡೆಯಬೇಕು. ಅವರ ಬಾಯಲ್ಲಿ ಅದು ಎಲ್‌ಸಿ. ಎಲ್‌ಸಿ ತಗೊಂಡವನು ಕೆಲಸ ಮುಗಿಸಿ, ತಾನೇ ಬಂದು, ತನ್ನ ಬಾಯಿಂದಲೇ ವಾಪಸು ಕೊಡುವ ತನಕ ಯಾರೂ ಸ್ವಿಚ್ ಹಾಕುವಂತಿಲ್ಲ. ಮೇಲಧಿಕಾರಿ ಬಂದು ಕೂಗಾಡಿದರೂ ಇಲ್ಲ. ಈ ನಿಯಮವನ್ನು ಮಾವ ಸಾಗರದ ಮನೆಯ ಅಡುಗೆಮನೆಗೂ ತಂದು ಜಾರಿ ಮಾಡಿದ್ದರು.

"ಇವ್ರೇ, ಮಿಕ್ಸಿ ಒಳಗೆ ಚಟ್ನಿ ಚೆಲ್ಲಿದೆ, ಒರೆಸ್ಬೇಕು. ಎಲ್‌ಸಿ ಕೊಡ್ತೀರಾ?" ಎಂದು ಅತ್ತೆ ಒಳಗಿಂದ ಕೂಗುವರು.

"ಪಿನ್ನು ಕಿತ್ತು ಕೈಲಿಟ್ಕೊ. ಅದೇ ಎಲ್‌ಸಿ."

"ಒಂದು ಕೈಲಿ ಪಿನ್ನು, ಒಂದು ಕೈಲಿ ಮಿಕ್ಸಿ. ಬಟ್ಟೆ ಎಂತದ್ರಲ್ಲಿ ಹಿಡೀಲಿ, ಹಲ್ಲಲ್ಲಾ?"

"ಹಲ್ಲಿದ್ರೆ ಹಿಡಿ!"

ಇದು ಮೇಲಿನ ಮನೆಗೆ ಕೇಳುತ್ತಿತ್ತು. ನಾವು ನಗುತ್ತಿದ್ದೆವು. ಇನ್ನೊಂದಕ್ಕೂ ನಗುತ್ತಿದ್ದೆವು: ಫ್ಯೂಸನ್ನು ಬೋರ್ಡಿಗೆ ತಿರುಗಿ ಹಾಕುವ ಮೊದಲು ಮಾವ ಮೆಟ್ಟಿಲ ತಿರುವಿನಲ್ಲಿ, ಎರಡೂ ಮನೆಯ ಫ್ಯೂಸುಗಳಿರುವ ಬೋರ್ಡಿನ ಮುಂದೆ ನಿಂತು, ಎರಡೂ ಮನೆಗೆ ಕೇಳುವ ಹಾಗೆ, "ಎಲ್ರೂ ದೂರ ಇದೀರಾ?" ಎಂದು ಕೂಗುವರು. ಮನೆಯಲ್ಲಿರುವ ಪ್ರತಿಯೊಬ್ಬರೂ ಇದ್ದಲ್ಲಿಂದಲೇ "ಇದೀನಿ" ಎನ್ನಬೇಕು. ಬಚ್ಚಲಲ್ಲಿದ್ದರೂ ಅನ್ನಬೇಕು. ಒಂದು ದನಿ ಕಮ್ಮಿಯಾದರೆ ಫ್ಯೂಸು ಜೇಬಿನಲ್ಲೇ. ಒಮ್ಮೆ ನಮ್ಮವರು ತಮಾಷೆಗೆ ಬಾಯಿಬಿಡದೆ ಕೂತಿದ್ದಕ್ಕೆ ಮಾವ ಮೇಲೆ ಹತ್ತಿ ಬಂದು, ಅವರ ಮುಖ ನೋಡಿ, ಫ್ಯೂಸು ಜೇಬಿನಲ್ಲಿಟ್ಟುಕೊಂಡೇ ಇಳಿದುಹೋದರು. ಅವತ್ತು ಫ್ಯಾನು ತಿರುಗಿದ್ದು ಸಂಜೆಗೆ.

ಅವರಿಗಿದ್ದ ಒಂದೇ ಷೋಕಿ ಹೋಂ ಥಿಯೇಟರ್. ನಿವೃತ್ತಿಯ ಮೇಲೆ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಅದು. ಕಪ್ಪು ಬಣ್ಣದ, ಹೊರಲು ಭಾರವಾದ ರಿಸೀವರು, ಟಿವಿಯ ಅಕ್ಕಪಕ್ಕ, ನಡುವೆ, ಸೋಫಾದ ಹಿಂದೆ ಸ್ಪೀಕರುಗಳು, ಮೂಲೆಯಲ್ಲಿ ದಪ್ಪ ದನಿಗೆಂದೇ ಇರುವ ಸಬ್‌ವೂಫರು. ಅದರ ಮುಂಭಾಗವನ್ನು ಯಾರು ಬೇಕಾದರೂ ನೋಡಬಹುದು, ಹಿಂಭಾಗವನ್ನು ತೋರಿಸಲು ಮಾವನಿಗೆ ಮನಸ್ಸು ಬರಬೇಕು. ನಾನೊಮ್ಮೆ ಇಣುಕಿ ನೋಡಿ, ಜೇನುಗೂಡಿನಂಥ ಆ ತೂತುಗಳನ್ನು ಕಂಡು, "ಇದು ನಮ್ಮಂಥವರಿಗಲ್ಲ ಮಾವ" ಎಂದೆ.

"ಎಂತಕ್ಕೆ ಅಲ್ಲ? ನಿಂಗೆ ಬಾಯಿ ಯಾವ್ದು, ಕಿವಿ ಯಾವ್ದು ಗೊತ್ತಲ್ಲ? ಔಟ್ ಅಂತ ಬರ್ದಿದ್ರೆ ಅದು ಬಾಯಿ. ಇನ್ ಅಂದ್ರೆ ಕಿವಿ. ಎಲ್ಲರ ಬಾಯಿಂದ ತಂದು ಇವನ ಕಿವಿಗೆ ಹಾಕು. ಇವನ ಬಾಯಿಂದ ಸ್ಪೀಕರಿಗೆ ಹಾಕು. ಬಾಯಿಗೆ ಬಾಯಿ ಕಟ್ಟಿದ್ರೆ ಇಬ್ರೂ ಕೂಗ್ತಾರೆ, ಯಾರಿಗೂ ಕೇಳಲ್ಲ. ನಮ್ಮನೆ ಹಾಗೆ."

"ನಿಮ್ಮ ಬಾಯಿಗೆ ಕಟ್ಟೋಕೆ ನಂಗೆ ಬೇರೆ ಕೇಬಲ್ಲೇ ಬೇಕು" ಎಂದರು ಅತ್ತೆ, ಒಳಗಿಂದ.

ಅತ್ತೆಯ ರವಿಕೆ ಬಟ್ಟೆಯ ತುಂಡುಗಳಿಂದ ಮಾವ ಪ್ರತಿ ಕೇಬಲ್ಲಿನ ಎರಡು ತುದಿಗೂ ಒಂದೇ ಬಣ್ಣದ ಚಿಂದಿ ಕಟ್ಟಿದ್ದರು. ಡಿಶ್ಶಿನ ಪೆಟ್ಟಿಗೆಯಿಂದ ಬಂದದ್ದಕ್ಕೆ ಹಸಿರು, ಟಿವಿಗೆ ಹೋಗುವುದಕ್ಕೆ ಹಳದಿ. ಸ್ಪೀಕರಿನ ತಂತಿಯ ತುದಿಯನ್ನು ಸುಲಿದು, ಒಳಗಿನ ಕೂದಲಿನಂಥ ಎಳೆಗಳನ್ನು ಬೆರಳಲ್ಲಿ ಹೊಸೆಯುವಾಗ ಅವರು ಮಾತಾಡುತ್ತಿರಲಿಲ್ಲ. ಹೊಸೆದು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಆಮೇಲೆ ತೂತಿಗೆ ತೂರಿಸುವರು. "ಒಂದು ಎಳೆ ಹೊರಗುಳಿದ್ರೂ ಅದು ಸುಮ್ನಿರಲ್ಲ. ಪಕ್ಕದ ಮನೆಗೆ ಹೋಗ್ತದೆ" ಎನ್ನುವರು.

ಎಲ್ಲ ಜೋಡಿಸಿಯಾದ ಮೇಲೆ ಪರೀಕ್ಷೆ. ರಿಸೀವರಿನಲ್ಲೊಂದು ಸೌಲಭ್ಯವಿದೆ, ಒಂದೊಂದೇ ಸ್ಪೀಕರಿನಿಂದ ಸರದಿಯಂತೆ 'ಶ್ಶ್' ಎಂದು ಸದ್ದು ಬರುತ್ತದೆ, ಯಾವುದೂ ಅದಲುಬದಲಾಗಿಲ್ಲ ಎಂದು ತಿಳಿಯಲು. ಅತ್ತೆ ಅಡುಗೆಮನೆಯಿಂದ ಬಂದು, ಕೈಯಲ್ಲಿದ್ದ ಸೌಟಿನ ಸಮೇತ ನಡುಮನೆಯ ಮಧ್ಯದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವರು. ಸದ್ದು ಎಲ್ಲಿಂದ ಬಂತೋ ಆ ಕಡೆ ಸೌಟು ತಿರುಗಬೇಕು. ಅತ್ತೆ ಎಂದೂ ತಪ್ಪಿದ್ದಿಲ್ಲ. ಹುಳಿಯ ಹನಿ ಮಾತ್ರ ಅಲ್ಲಲ್ಲಿ ಬೀಳುತ್ತಿತ್ತು.

ಕ್ರಮೇಣ ಮಾವನ ಕಿವಿ ಕೈಕೊಡತೊಡಗಿತು. ಯಂತ್ರದ ಮೊರೆತದ ಪಕ್ಕದಲ್ಲೇ ಆಯುಷ್ಯ ಕಳೆದವರು. ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಉಳಿಯಿತು. "ಎಡಗಡೆಯವನು ರಜೆ ಹಾಕಿದಾನೆ" ಎಂದು ನಗುತ್ತಿದ್ದರು. ಒಂದೇ ಕಿವಿಯಲ್ಲಿ ಮಾತು ಕೇಳುತ್ತದೆ, ಸದ್ದು ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಬೆಳಿಗ್ಗೆ, ಹೆಪ್ಪಿಗೆ ಮಜ್ಜಿಗೆ ಕೇಳಲು ಕೆಳಗೆ ಹೋದಾಗ.

ಮಧ್ಯದ ಕುರ್ಚಿಯಲ್ಲಿ ಈ ಸಲ ಮಾವ ಕೂತಿದ್ದರು, ಕಣ್ಣು ಮುಚ್ಚಿ. ರಿಮೋಟು ಅತ್ತೆಯ ಕೈಯಲ್ಲಿ. ಸೋಫಾದ ಹಿಂದಿನ ಸ್ಪೀಕರು ಶ್ಶ್ ಎಂದಿತು. ಮಾವನ ಬೆರಳು ಟಿವಿಯ ಕಡೆ ಹೋಯಿತು.

"ಸರಿ" ಎಂದರು ಅತ್ತೆ.

ಎಡಗಡೆಯದು ಸದ್ದು ಮಾಡಿತು. ಬೆರಳು ಬಲಗಡೆಯ ಗೋಡೆಗೆ ಹೋಯಿತು.

"ಸರಿ."

ಮಾವ ಕಣ್ಣು ತೆರೆದು ತಮ್ಮ ಬೆರಳು ತೋರಿಸುತ್ತಿದ್ದ ಕಡೆ ನೋಡಿದರು. ಅಲ್ಲಿ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. "ನೀ ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗಲ್ವಾ?" ಎಂದರು. "ಸರಿ ಅನ್ನುವಾಗ ನಿನ್ ಸ್ವರ ಸಣ್ಣ ಆಗ್ತದೆ."

"ಅದು ಕೇಳ್ತಲ್ಲ, ಸಾಕು ಬಿಡಿ."

ನಾನು ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಮಾವ ನನ್ನನ್ನು ನೋಡಿ, ಏನೋ ತೀರ್ಮಾನಿಸಿದವರ ಹಾಗೆ ಎದ್ದರು. "ಮ್ಯಾನೇಜರ್ರಿಗೆ ಹೇಳು. ಭಾನುವಾರ ಇದನ್ನ ಮೇಲಕ್ಕೆ ಸಾಗ್ಸೋಣ. ಇದಕ್ಕೆ ಬೇಕಾದಷ್ಟು ಕಿವಿ ಈ ಮನೇಲಿಲ್ಲ. ದುಡ್ಡಿನ ಮಾತೆತ್ತಿದ್ರೆ ಮನೆ ಖಾಲಿ ಮಾಡಿಸ್ತೀನಿ."

ಆ ಭಾನುವಾರದ ಬಗ್ಗೆ ಬರೆಯಲು ಕೂತಾಗಲೆಲ್ಲ ಪೆನ್ನು ಮುಚ್ಚಿಟ್ಟು ಎದ್ದುಬಿಡುತ್ತೇನೆ. ಬರೆಯದಿದ್ದರೂ ಆ ದಿನ ನೆನಪಿಗೆ ಬರುತ್ತದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ, ಬಸ್ಸಿನಲ್ಲಿ ಕಂಬಿ ಹಿಡಿದಾಗ, ಯಾರದೋ ಮನೆಯಲ್ಲಿ ಲೋಟ ಬಿದ್ದಾಗ.

ಬೇಸಿಗೆಯ ಕೊನೆ. ಬೆಳಿಗ್ಗೆಯೇ ರಿಸೀವರು, ಸ್ಪೀಕರುಗಳೆಲ್ಲ ಮೇಲೆ ಬಂದವು. ಮಾವ ನಮ್ಮ ಮನೆಯ ಫ್ಯೂಸು ಕಿತ್ತು ಜೇಬಿಗಿಳಿಸಿ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸ್ಪೀಕರಿನ ತಂತಿಗಳನ್ನೆಲ್ಲ ಹೊಸೆದು ಜೋಡಿಸಿದರು. ಸಬ್‌ವೂಫರಿನ ಕೇಬಲ್ಲು ಹಾಕಿದರು. ಊಟದ ಹೊತ್ತಾಯಿತು. ಸೆಕೆ ಎಂದರೆ ಸೆಕೆ. ಫ್ಯಾನಿಲ್ಲದೆ ಉಣ್ಣುವ ಹಾಗಿರಲಿಲ್ಲ. "ಎಲ್ರೂ ದೂರ ಇದೀರಾ?" ಕೇಳಿ, ಎಲ್ಲರಿಂದ "ಇದೀನಿ" ಅನ್ನಿಸಿಕೊಂಡು ಫ್ಯೂಸು ಹಾಕಿದರು. "ಊಟ ಮಾಡ್ಕಂಡು ಬರ್ತೀನಿ. ಅಲ್ಲೀವರೆಗೆ ಇದ್ರ ಹಿಂದ್ಗಡೆ ಯಾರೂ ಕೈ ಹಾಕ್ಬೇಡಿ" ಎಂದು ಇಳಿದುಹೋದರು.

ನಾವು ಉಂಡು ಕೈತೊಳೆಯುವಷ್ಟರಲ್ಲಿ ಗಾಳಿ ಎದ್ದಿತು. ಗುಡುಗಿತು, ದಪ್ಪ ಹನಿಯ ಮಳೆ ಒಂದು ಹೊಡೆತ ಹೊಡೆದು ನಿಂತಿತು. ಕರೆಂಟು ಹೋಯಿತು.

ನಮ್ಮ ಕಡೆ ಕರೆಂಟು ಹೋದಾಗ ಜನ ಏನು ಮಾಡುತ್ತಾರೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಬಾಕಿ ಉಳಿದ ವಯರಿನ ಕೆಲಸವನ್ನೆಲ್ಲ ಆಗ ತೆಗೆಯುತ್ತಾರೆ. ಸಡಿಲಾದ ಹೋಲ್ಡರು, ಸುಟ್ಟ ಸ್ವಿಚ್ಚು, ಕಚ್ಚದ ಪ್ಲಗ್ಗು. ಕರೆಂಟೇ ಇಲ್ಲವೆಂದ ಮೇಲೆ ಫ್ಯೂಸು ಕೀಳುವುದೇಕೆ ಎಂಬುದು ಎಲ್ಲರ ಲೆಕ್ಕ. ಹೋದ ಕರೆಂಟು ಇಷ್ಟು ಬೇಗ ಬರುವುದಿಲ್ಲ ಎಂಬ ನಂಬಿಕೆ ನಮಗೆ ಹುಟ್ಟಿನಿಂದ ಬಂದದ್ದು.

"ಇದಕ್ಕಿಂತ ಒಳ್ಳೇ ಹೊತ್ತು ಸಿಗುತ್ತಾ?" ಎಂದರು ನಮ್ಮವರು. "ಡಿಶ್ಶಿನದೊಂದು ಹಾಕಿಬಿಟ್ರೆ ಮುಗೀತು. ಮಾವ ಬರೋ ಹೊತ್ತಿಗೆ ರೆಡಿ ಇರ್ತದೆ. ಅವರು ಬಂದು ಶ್ಶ್ ಅನ್ಸೋದೊಂದೇ ಬಾಕಿ." ನಮ್ಮಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡು ತಂದು ಗೋಡೆಗೆ ಸಿಕ್ಕಿಸಿದರು, ಅದಕ್ಕೆ ಟಿವಿ, ರಿಸೀವರು, ಸಬ್‌ವೂಫರು ಸಿಕ್ಕಿಸಿದರು. ಆಮೇಲೆ ರಿಸೀವರಿನ ಹಿಂದೆ ಮಂಡಿಯೂರಿ, ಎಡಗೈಯಲ್ಲಿ ಅದರ ಕಬ್ಬಿಣದ ಮೈಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ತಾರಸಿಯ ಡಿಶ್ಶಿನಿಂದ ಅದರ ಪೆಟ್ಟಿಗೆಗೆಂದು ಇಳಿದುಬಂದ ಕೇಬಲ್ಲಿನ ಲೋಹದ ತುದಿಯನ್ನು ಹಿಡಿದುಕೊಂಡರು. ನಾನು ಮಜ್ಜಿಗೆ ಲೋಟ ಹಿಡಿದು ಅಡುಗೆಮನೆಯಿಂದ ಬಂದೆ.

ಫ್ಯಾನು ಅಲುಗಿತು. ಫ್ರಿಜ್ಜು ನಡುಗಿ ಗುಂಯ್‌ಗುಟ್ಟಿತು. ಕರೆಂಟು ಬಂದಾಗ ಈ ಊರಿನಲ್ಲಿ ಎಲ್ಲರ ಬಾಯಿಂದ ಬರುವ ಮಾತು ನನ್ನ ಬಾಯಿಂದಲೂ ಬಂತು: "ಬಂತು!"

ಅವರು ತಿರುಗಲಿಲ್ಲ. ಬಾಯಿ ತೆರೆದಿತ್ತು, ಕೂಗಿರಲಿಲ್ಲ. ಗಂಟಲಿನಿಂದ ಸಣ್ಣದೊಂದು ಗೊರಗೊರ. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ಎರಡೂ ಕೈ ಹಿಡಿದದ್ದನ್ನು ಹಿಡಿದೇ ಇದ್ದವು, ಬಿಡಲು ಮರೆತವರ ಹಾಗೆ. ಲೋಟ ನನ್ನ ಕೈಯಿಂದ ಬಿತ್ತು. ನಾನು ಅವರ ಬೆನ್ನಿನ ಕಡೆ ಕೈ ಚಾಚಿದೆ, ಹಿಡಿದು ಎಳೆಯಲು.

"ಮುಟ್ಬೇಡಿ! ಯಾರೂ ಮುಟ್ಬೇಡಿ!"

ಮಾವನ ದನಿ ಬಾಗಿಲಾಚೆಯ ಮೆಟ್ಟಿಲ ತಿರುವಿನಿಂದ ಬಂತು. ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕೈ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಅದೇ ನಿಂತಿತು. ನನ್ನ ಬೆರಳಿಗೂ ನಮ್ಮವರ ಅಂಗಿಗೂ ನಡುವೆ ಒಂದು ಜಾಗ ಉಳಿಯಿತು. ಒಂದು ಕಾಗದ ತೂರಿಸಬಹುದಾದಷ್ಟೋ, ಒಂದು ಅಂಗೈಯಷ್ಟೋ, ನನಗೆ ಹೇಳಲು ಬರುವುದಿಲ್ಲ. ಅವರ ಬೆವರಿನ ಬಿಸಿ ನನ್ನ ಬೆರಳಿಗೆ ತಾಗುತ್ತಿತ್ತು. ಈಗಲೂ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಜಾಗದಲ್ಲೇ.

ಟಕ್ ಎಂದಿತು. ಫ್ಯಾನು ಸುಸ್ತಾಯಿತು. ಫ್ರಿಜ್ಜು ಸುಮ್ಮನಾಯಿತು. ನಮ್ಮವರು ಪಕ್ಕಕ್ಕೆ ವಾಲಿ, ಸ್ಪೀಕರನ್ನು ಕೆಡವಿಕೊಂಡು ನೆಲಕ್ಕೆ ಬಿದ್ದರು. ಬಿದ್ದವರು ಕೆಮ್ಮಿದರು. ಆ ಕೆಮ್ಮು ಕೇಳಿದ ಮೇಲೆ ನನಗೆ ಅಳು ಬಂತು.

ಮಾವ ಒಳಗೆ ಬಂದರು. ಅವರ ಒಂದೊಂದು ಕೈಯಲ್ಲಿ ಒಂದೊಂದು ಫ್ಯೂಸು. "ಈಗ ಮುಟ್ಟು. ಈಗ ಮುಟ್ಟು ಮಗಾ, ಏನಾಗಲ್ಲ" ಎಂದರು. ಉಂಡು ತೊಳೆದ ಅವರ ಕೈ ಇನ್ನೂ ಹಸಿಯಾಗಿತ್ತು.

ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ, ಸಂಜೆಯವರೆಗೆ ಮಲಗಿಸಿಕೊಂಡು ಕಳಿಸಿದರು. ಬಲ ಅಂಗೈಯಲ್ಲಿ ಸುಟ್ಟ ಗುರುತು, ಮೈಕೈ ನೋವು, ಬೇರೇನಿಲ್ಲ. ನಾವು ಆಟೋದಿಂದ ಇಳಿದಾಗ ಮನೆ ಪೂರ್ತಿ ಕತ್ತಲಾಗಿತ್ತು. ಬೀದಿಯ ಬೇರೆ ಮನೆಗಳಲ್ಲಿ ದೀಪ ಹತ್ತಿತ್ತು. ಮಾವ ಮೆಟ್ಟಿಲಿನ ಮೇಲೆ ಕೂತಿದ್ದರು, ಫ್ಯೂಸುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಮಧ್ಯಾಹ್ನದಿಂದ ಅಲ್ಲೇ ಕೂತಿದ್ದಾರೆ, ಕಾಫಿಯನ್ನೂ ಕುಡಿದಿಲ್ಲ ಎಂದರು ಅತ್ತೆ.

ನಮ್ಮವರನ್ನು ಮೇಲೆ ಕರೆದೊಯ್ದು ಮಲಗಿಸಿದೆ. ಕೆಳಗಿನಿಂದ ಮಾವನ ದನಿ ಬಂತು, ಗಟ್ಟಿಯಾಗಿಯಲ್ಲ: "ಎಲ್ರೂ ದೂರ ಇದೀರಾ?"

"ಇದೀನಿ" ಎಂದರು ಅತ್ತೆ. "ಇದೀನಿ" ಎಂದೆ ನಾನು. ಇನ್ನೊಂದು ದನಿ ಬಾಕಿಯಿತ್ತು.

"ಇದೀನಿ ಮಾವ" ಎಂದರು ನಮ್ಮವರು, ಹಾಸಿಗೆಯಿಂದ.

ಆದರೂ ದೀಪ ಬರಲಿಲ್ಲ. ಇಣುಕಿ ನೋಡಿದೆ. ಮಾವ ಬೋರ್ಡಿನ ಮುಂದೆ ನಿಂತಿದ್ದರು, ಫ್ಯೂಸನ್ನು ಅದರ ಗೂಡಿನವರೆಗೆ ಒಯ್ದು ಮತ್ತೆ ಹಿಂದಕ್ಕೆ ತರುತ್ತಿದ್ದರು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಅವರ ಕೈಯಿಂದ ಅವನ್ನು ತೆಗೆದುಕೊಂಡು, ಒಂದಾದ ಮೇಲೊಂದು ಒತ್ತಿದರು. ತಗೊಂಡವನೇ ವಾಪಸು ಕೊಡಬೇಕೆಂಬ ನಿಯಮ ಆ ಮನೆಯಲ್ಲಿ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದರ ಬಗ್ಗೆ ಅತ್ತೆ ಆಮೇಲೆ ಎಂದೂ ಚೇಷ್ಟೆ ಮಾಡಲಿಲ್ಲ.

ಸುದ್ದಿ ಕೇಳಿ ತೀರ್ಥಹಳ್ಳಿಯಿಂದ ಅಪ್ಪ ಬಂದರು. ಅಳಿಯನ ಅಂಗೈ ಹಿಡಿದು ನೋಡಿ, ಕೆಳಗಿಳಿದು ಹೋಗಿ ಮಾವನ ಎದುರು ಕೂತರು. ಆಮೇಲೆ ಕೇಳಿದರು: "ಅಲ್ಲ, ಮೇಲಿನ ಮನೇಲೇ ಆಗಿದ್ದು ಅಂತ ನಿಮಗೆ ಹ್ಯಾಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ" ಎಂದರು ಮಾವ.

ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಮೆಟ್ಲು ಹತ್ತಾ ಇದ್ದೆ. ಬೋರ್ಡಿನ ಹತ್ರ ಬಂದಾಗ ಕರೆಂಟು ಬಂತು. ಬಂದ ಕೂಡ್ಲೇ ಎಲ್ಲೋ ಲೋಟ ಬಿತ್ತು. ಕರೆಂಟು ಬಂದ್ರೆ ಜನ ಖುಷಿ ಆಗ್ಬೇಕು, ಲೋಟ ಎಂತಕ್ಕೆ ಬೀಳ್ಬೇಕು? ಮೇಲೋ, ಕೆಳಗೋ, ಹಿಂದೋ, ಮುಂದೋ, ನಂಗೆ ಹೇಳಕ್ಕೆ ಬರಲ್ಲ ಮಾರಾಯ್ರೇ. ನಂದು ಒಂದೇ ಕಿವಿ. ಕೆಳಗೆ ಇವಳು ಮಿಕ್ಸಿ ಹಾಕಕ್ಕೆ ಕೂತಿದ್ಲು. ಇವಳೋ, ಅವಳೋ? ಹೋಗಿ ನೋಡಕ್ಕೆ ಹೊತ್ತಿಲ್ಲ. ಎರಡೂ ಕಿತ್ತೆ."

"ಮುಟ್ಬೇಡಿ ಅಂದ್ರಲ್ಲ ಮಾವ, ನಾನು ಕೈ ಚಾಚಿದ್ದು ನೋಡಿಯಲ್ವಾ?" ಎಂದೆ. ಅಷ್ಟು ದಿನ ಹಾಗೆಂದೇ ನಂಬಿದ್ದೆ.

"ನಾನು ಗೋಡೆ ಕಡೆ ಮುಖ ಮಾಡಿ ನಿಂತವನು, ನಿನ್ನ ಎಲ್ಲಿ ನೋಡ್ಲಿ? ಒಬ್ಬರಿಗೆ ಹಿಡಿದ್ರೆ ಹತ್ರ ಇದ್ದೋರು ಮುಟ್ಟೇ ಮುಟ್ತಾರೆ. ಪ್ರೀತಿ ಇದ್ದೋರು ಮೊದ್ಲು ಮುಟ್ತಾರೆ. ಅದಕ್ಕೆ ಎಲ್ರಿಗೂ ಸೇರ್ಸಿ ಕೂಗಿದೆ."

ಅಪ್ಪ ಮಾವನ ಕೈ ಹಿಡಿದುಕೊಂಡರು. ಕಾಫಿ ತಣ್ಣಗಾಯಿತು. ಅತ್ತೆ ಮಾತ್ರ, "ನನ್ ಮಿಕ್ಸಿನೂ ನಿಂತ್ಹೋಯ್ತು ಅವತ್ತು. ನಾನು ಬೈದೆ, ಪಾಪ" ಎಂದು ಕಣ್ಣೊರೆಸಿಕೊಂಡರು.

ನಮ್ಮವರು ತುಸು ಚೇತರಿಸಿಕೊಂಡ ಮೇಲೆ ಮಾವ ನಮ್ಮ ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಚ್ಚಿ ತಂದು ನಮ್ಮಿಬ್ಬರ ನಡುವೆ ಇಟ್ಟರು. ಒಳಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥ್ ತಂತಿ ತನ್ನ ಸ್ಕ್ರೂ ಬಿಟ್ಟು ಪಕ್ಕಕ್ಕೆ ಸರಿದಿತ್ತು. ಅದರ ಜಾಗಕ್ಕೆ ಪಕ್ಕದ ಕೆಂಪು ತಂತಿಯ ಒಂದೇ ಒಂದು ಎಳೆ ಬಾಗಿ ತಾಗಿಕೊಂಡಿತ್ತು. ಕರೆಂಟು ಅಲ್ಲಿಂದ ಸಬ್‌ವೂಫರಿನ ಪ್ಲಗ್ಗಿನ ಮೂರನೆಯ ಕಾಲು ಹತ್ತಿ, ಅದರ ಕೇಬಲ್ಲಿನಗುಂಟ ರಿಸೀವರಿನ ಮೈಗೆ ಬಂದು ಕೂತಿತ್ತು. ನಮ್ಮವರ ಎದೆಯ ಮೂಲಕ ದಾಟಿ, ಡಿಶ್ಶಿನ ಕೇಬಲ್ಲು ಹಿಡಿದು, ತಾರಸಿಯ ಕಬ್ಬಿಣದ ಕಂಬಕ್ಕೂ ಮಳೆಯಲ್ಲಿ ನೆನೆದ ಗೋಡೆಗೂ ಇಳಿದಿತ್ತು. ಹಾಡು ಹೋಗಬೇಕಾದ ದಾರಿಯಲ್ಲಿ ಅದು ಹೋಗಿತ್ತು. ಮಾವ ಆ ಎಳೆಯನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ನಿನ್ನ ತಪ್ಪು, ಅವನ ತಪ್ಪು ಎಂದು ಒಂದು ಮಾತು ಆಡಲಿಲ್ಲ. "ಕೂದ್ಲಿಗಿಂತ ಸಪೂರ ನೋಡು" ಎಂದಷ್ಟೇ ಅಂದರು. ಮರುದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸೋರಿದ ಕರೆಂಟನ್ನು ಕಂಡುಹಿಡಿದು ತಾನೇ ಬಂದ್ ಆಗುವ ಉಪಕರಣವನ್ನು ಎರಡೂ ಮನೆಗೆ ಹಾಕಿಸಿದರು. ಹಳೆಯ ಫ್ಯೂಸುಗಳನ್ನು ಮಾತ್ರ ತೆಗೆಸಲಿಲ್ಲ. "ಅದು ತನ್ನಷ್ಟಕ್ಕೆ ಬೀಳ್ತದೆ, ಸರಿ. ಜೇಬಿಗೆ ಹಾಕ್ಕೊಳ್ಳೋಕೆ ಬರಲ್ವಲ್ಲ" ಎಂದರು.

ನನಗೆ ಆ ರಿಸೀವರು ಮನೆಯಲ್ಲಿರುವುದೇ ಬೇಡವಾಗಿತ್ತು. ಅದರ ಮೇಲೊಂದು ಚಾದರ ಹೊದಿಸಿಟ್ಟಿದ್ದೆ. "ಕೆಳಗೆ ತಗೊಂಡು ಹೋಗಿಬಿಡಿ ಮಾವ, ನನಗೆ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ" ಎಂದೆ.

ಅವರು ಚಾದರ ತೆಗೆದು ಮಡಚಿ ನನ್ನ ಕೈಗಿಟ್ಟರು. "ಹೆದ್ರಿಕೆ ಇರ್ಲಿ ಮಗಾ. ನಂಗೂ ಇದೆ. ಹೆದ್ರಿಕೆ ಇಲ್ದೋರ ಜತೆ ನಾನು ಕೆಲ್ಸಾನೇ ಮಾಡಿಲ್ಲ. ಆದ್ರೆ ಚಾದರ ಹೊದಿಸಿದ್ರೆ ಅದು ಜಾಸ್ತಿ ಆಗ್ತದೆ. ಇವತ್ತು ನೀನೇ ಕಟ್ಟು."

ಫ್ಯೂಸು ಕಿತ್ತು ತಂದು ನನಗೆ ಕೊಟ್ಟರು. ನನ್ನ ಕುರ್ತಾಕ್ಕೆ ಜೇಬಿರಲಿಲ್ಲ. "ಹೆಂಗಸ್ರ ಬಟ್ಟೆಗೆ ಜೇಬಿಡದ ದರ್ಜಿಗಳನ್ನ ಮೊದ್ಲು ಕಾರ್ಗಲ್ಲಿಗೆ ಕಳಿಸ್ಬೇಕು" ಎಂದು ಗೊಣಗಿದರು. ವೇಲಿನ ತುದಿಗೆ ಗಂಟು ಹಾಕಿಕೊಂಡೆ. ಹಸಿರು ಚಿಂದಿಗೆ ಹಸಿರು, ಹಳದಿಗೆ ಹಳದಿ ಹುಡುಕಿದೆ. ಔಟ್ ಬಾಯಿ, ಇನ್ ಕಿವಿ. ಡಿಶ್ಶಿನ ಲೋಹದ ತುದಿಯನ್ನು ಮುಟ್ಟುವ ಹೊತ್ತಿಗೆ ಕೈ ಹಿಂದೆ ಬಂತು. ಮಾವ ಅವಸರ ಮಾಡಲಿಲ್ಲ. "ಗಂಟು ಮುಟ್ಟಿ ನೋಡ್ಕೊ. ಫ್ಯೂಸು ಅಲ್ಲಿದೆಯಾ? ಇದೆ. ಹಂಗಾದ್ರೆ ಇಲ್ಲಿ ಬರೇ ತಾಮ್ರ, ಬರೇ ಕಬ್ಬಿಣ" ಎಂದರು. ನಾನು ಗಂಟು ಮುಟ್ಟಿ ನೋಡಿ, ತುದಿಯನ್ನು ತಿರುಪಿದೆ. ಆಮೇಲೆ ಮೆಟ್ಟಿಲ ತಿರುವಿಗೆ ಹೋಗಿ, ಎಲ್ಲರನ್ನೂ ಕೂಗಿ ಕೇಳಿ, ನಾನೇ ಫ್ಯೂಸು ಒತ್ತಿದೆ.

ನಮ್ಮ ನಡುಮನೆಯಲ್ಲಿ ಶ್ಶ್ ಎಂದು ಸದ್ದು ಸುತ್ತಿತು. ಕುರ್ಚಿಯಲ್ಲಿ ಅತ್ತೆ, ಕಣ್ಣು ಮುಚ್ಚಿ, ಸೌಟು ಹಿಡಿದು. ಎಲ್ಲ ಸರಿಯಿತ್ತು. ಮಾವ ಸದ್ದಿನ ಕಡೆ ನೋಡದೆ ಸೌಟಿನ ಕಡೆಯೇ ನೋಡುತ್ತಿದ್ದರು. ಅದು ಯಾವ ಕಡೆ ತಿರುಗಿತೋ ಆ ಕಡೆ ಇವರ ಮುಖವೂ ತಿರುಗುತ್ತಿತ್ತು. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಎಲ್ಲವೂ ಅವರಿಗೆ ಕೇಳುತ್ತಿದೆ ಎಂದೇ ನೋಡಿದವರು ಅಂದುಕೊಳ್ಳಬೇಕು.

ಮಾವ ಹೋಗಿದ್ದು ಹೋದ ಚಳಿಗಾಲದಲ್ಲಿ. ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಯಾರಿಗೂ ಒಂದು ಲೋಟ ಬಿಸಿನೀರು ಕೇಳದೆ ಹೋದರು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಅತ್ತೆ ನನ್ನನ್ನು ಕೆಳಗೆ ಕರೆದು, ಮನೆಯಲ್ಲಿ ತೊಡುವ ಒಂದು ಕುರ್ತಾ ಕೊಡು ಎಂದು ಕೇಳಿ ಇಸಿದುಕೊಂಡರು. ವಾಪಸು ಕೊಟ್ಟಾಗ ನನ್ನ ಕಂದು ಕುರ್ತಾದ ಎಡಗಡೆಗೆ ಬಿಳಿಯದೊಂದು ಜೇಬು ಹೊಲಿದಿತ್ತು. ಬಣ್ಣ ಕೂಡುವುದಿಲ್ಲ, ಅಂದವೂ ಇಲ್ಲ. ಕೆಳಗೆ ಜೋತುಬಿದ್ದಿದೆ.

"ಅಂಗಿ ಎಲ್ಲಾ ಯಾರ್ಯಾರಿಗೋ ಕೊಟ್ಟೆ. ಜೇಬು ಬಿಚ್ಕೊಂಡೇ ಕೊಟ್ಟೆ" ಎಂದರು ಅತ್ತೆ. "ಜೇಬಿಲ್ದ ಅಂಗಿ ತಗೊಂಡ್ಹೋದೋರು ಬೈಕೊಂಡಿರ್ತಾರೆ, ಬೈಲಿ."

ಮೊನ್ನೆ ಟಿವಿಗೆ ಹೋಗುವ ಕೇಬಲ್ಲು ಕೆಟ್ಟಿತು. ಚಿತ್ರ ಬಂದು ಬಂದು ಮಾಯವಾಗುತ್ತಿತ್ತು. ನಮ್ಮವರು ಪೇಟೆಯಿಂದ ಹೊಸದು ತಂದರು. ಆಕಾಶ ಮೋಡ ಕವಿದಿತ್ತು, ಕರೆಂಟು ಆಗಲೇ ಹೋಗಿತ್ತು. ಅವರು ನೇರ ಮೆಟ್ಟಿಲ ತಿರುವಿಗೆ ಹೋಗಿ ಫ್ಯೂಸು ಕಿತ್ತು ತಂದು ನನ್ನ ಬಿಳಿ ಜೇಬಿಗೆ ಇಳಿಸಿದರು. ಪಿಂಗಾಣಿಯ ತಂಪು ಬಟ್ಟೆಯ ಮೂಲಕ ಎದೆಗೆ ತಾಗಿತು. ಅವರು ರಿಸೀವರಿನ ಹಿಂದೆ ಮಂಡಿಯೂರಿದರು. ಬಲ ಅಂಗೈಯ ಗುರುತು ಇನ್ನೂ ಇದೆ, ಮಾಸಿದೆ. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ, ಆ ಜಾಗದಲ್ಲೇ. ಹಳದಿ ಚಿಂದಿಯನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕಟ್ಟಿದರು. ಕೆಲಸ ನಡೆದಿರುವಾಗಲೇ ಎದುರು ಮನೆಯ ದೀಪ ಹತ್ತಿತು, ಬೀದಿಯಲ್ಲಿ ಯಾರೋ "ಬಂತು!" ಎಂದರು. ನಮ್ಮ ಫ್ಯಾನು ಅಲುಗಲಿಲ್ಲ. ನಾನು ಕೈ ಮುಂದೆ ಮಾಡಿ ಅವರ ಬೆನ್ನಿನ ಮೇಲಿಟ್ಟೆ. ಅಂಗಿ ಬೆಚ್ಚಗಿತ್ತು.

"ಏನು?" ಎಂದರು, ತಿರುಗದೆ.

"ಏನಿಲ್ಲ. ಮಾಡಿ."

ಮುಗಿದ ಮೇಲೆ ನಾನು ಮೆಟ್ಟಿಲ ತಿರುವಿಗೆ ಇಳಿದು ಬೋರ್ಡಿನ ಮುಂದೆ ನಿಂತು, ಎರಡೂ ಮನೆಗೆ ಕೇಳುವ ಹಾಗೆ ಕೂಗಿದೆ:

"ಎಲ್ರೂ ದೂರ ಇದೀರಾ?"

"ಇದೀನಿ" ಎಂದರು ನಮ್ಮವರು, ಮೇಲಿಂದ.

ನಾನು ಕಾದೆ. ಒಂದು ದನಿ ಕಮ್ಮಿಯಿತ್ತು.

"ಇದೀನಿ ಕಣೇ" ಎಂದರು ಅತ್ತೆ, ಕೆಳಗಿನ ಅಡುಗೆಮನೆಯಿಂದ. "ಹಾಕು."